ಸ್ಟೀರಾಯ್ಡ್ ಚಿಕಿತ್ಸೆಯ ನಡುವೆ ನೆನಪಿನ ಶಕ್ತಿಯನ್ನು ಕಾಪಾಡಿಕೊಳ್ಳುವ ಬಗೆ

ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ ಮಾತ್ರೆಯನ್ನು ತಿಂಗಳುಗಟ್ಟಲೆ ತೆಗೆದುಕೊಳ್ಳಬೇಕಾದವರಿಗೆ ಸಕ್ಕರೆ, ರಕ್ತದೊತ್ತಡ, ಮೂಳೆ ಸವೆತ, ಕಣ್ಣಿನ ಪೊರೆ, ಮುಖದ ಊತ ಇವುಗಳ ಬಗ್ಗೆ ಸಾಮಾನ್ಯವಾಗಿ ಎಚ್ಚರಿಕೆ ಸಿಗುತ್ತದೆ. ನೆನಪಿನ ಮಾತು ಬರುವುದು ಅಪರೂಪ. ಹೀಗಾಗಿ ಲೂಪಸ್ (ದೇಹದ ರೋಗನಿರೋಧಕ ಶಕ್ತಿ ತನ್ನ ಅಂಗಗಳ ಮೇಲೆಯೇ ತಿರುಗಿಬೀಳುವ ಕಾಯಿಲೆ), ಆಸ್ತಮಾ, ಪೆಂಫಿಗಸ್ ಎಂಬ ಗುಳ್ಳೆಯೇಳುವ ಚರ್ಮರೋಗ, ರಕ್ತನಾಳಗಳ ಉರಿಯೂತ ಅಥವಾ ಕಸಿ ಮಾಡಿದ ಮೂತ್ರಪಿಂಡದ ರಕ್ಷಣೆಗೆಂದು ಈ ಔಷಧ ಸೇವಿಸುತ್ತಿರುವವರು ‘ಈಚೆಗೆ ಕೇಳಿದ್ದು ತಲೆಯಲ್ಲಿ ನಿಲ್ಲುತ್ತಿಲ್ಲ’ ಎಂದರೆ, ಮನೆಯವರು ಅದನ್ನು ವಯಸ್ಸಿನ ಲೆಕ್ಕಕ್ಕೋ ಚಿಂತೆಯ ಲೆಕ್ಕಕ್ಕೋ ಸೇರಿಸಿ ಸುಮ್ಮನಾಗುತ್ತಾರೆ. ಆ ದೂರು ನಿಜವಾದದ್ದು, ಅದಕ್ಕೆ ಮೆದುಳಿನೊಳಗೆ ಗುರುತಿಸಬಹುದಾದ ಕಾರಣಗಳಿವೆ, ಬಹಳಷ್ಟು ಸಂದರ್ಭಗಳಲ್ಲಿ ಅದನ್ನು ತಗ್ಗಿಸಲೂ ಸಾಧ್ಯವಿದೆ. ಜೊತೆಗೆ ಒಂದು ಎಚ್ಚರಿಕೆಯನ್ನು ಮೊದಲೇ ಹೇಳಿಬಿಡಬೇಕು: ಇದನ್ನು ಓದಿ ಯಾರೂ ತಮ್ಮ ಸ್ಟೀರಾಯ್ಡ್ ಮಾತ್ರೆಯನ್ನು ತಾವಾಗಿಯೇ ನಿಲ್ಲಿಸಬಾರದು. ಹಾಗೆ ನಿಲ್ಲಿಸುವುದರಿಂದಾಗುವ ಅಪಾಯ ಮರೆವಿಗಿಂತ ದೊಡ್ಡದು, ಕೆಲವೊಮ್ಮೆ ಜೀವಕ್ಕೇ ಎರವಾಗುವಂಥದ್ದು.

ಸ್ಟೀರಾಯ್ಡ್ ನಮ್ಮ ದೇಹಕ್ಕೆ ಹೊರಗಿನ ವಸ್ತುವೇನಲ್ಲ. ಮೂತ್ರಪಿಂಡಗಳ ನೆತ್ತಿಯ ಮೇಲೆ ಕುಳಿತಿರುವ ಅಡ್ರಿನಲ್ ಗ್ರಂಥಿಗಳು ದಿನಕ್ಕೆ ಸುಮಾರು 10 ಮಿಲಿಗ್ರಾಂನಷ್ಟು ಕಾರ್ಟಿಸೋಲ್ ಎಂಬ ಸ್ಟೀರಾಯ್ಡ್ ಹಾರ್ಮೋನನ್ನು ತಯಾರಿಸುತ್ತವೆ. ಅದರ ಮಟ್ಟ ಬೆಳಗಿನ ಜಾವದಲ್ಲಿ ಏರಿ ರಾತ್ರಿಯ ಹೊತ್ತಿಗೆ ಇಳಿಯುತ್ತದೆ. 1948ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್‌ನಲ್ಲಿ ಫಿಲಿಪ್ ಹೆಂಚ್ ಅವರು ಸಂಧಿವಾತದಿಂದ ಹಾಸಿಗೆ ಹಿಡಿದಿದ್ದ ಮಹಿಳೆಗೆ ಈ ಬಗೆಯ ಹಾರ್ಮೋನನ್ನು ಚುಚ್ಚುಮದ್ದಾಗಿ ಕೊಟ್ಟಾಗ ಆಕೆ ಕೆಲವೇ ದಿನಗಳಲ್ಲಿ ಎದ್ದು ಓಡಾಡಿದ್ದು ವೈದ್ಯಲೋಕವನ್ನು ಬೆರಗುಗೊಳಿಸಿತು, 1950ರಲ್ಲಿ ಹೆಂಚ್, ಕೆಂಡಲ್ ಹಾಗೂ ರೈಖ್‌ಸ್ಟೈನ್ ಅವರಿಗೆ ನೊಬೆಲ್ ಪ್ರಶಸ್ತಿಯೂ ಬಂತು. ಮನಸ್ಸಿನ ಮೇಲಾಗುವ ಪರಿಣಾಮಗಳು ಆ ಮೊದಲ ವರ್ಷಗಳಲ್ಲೇ ಕಾಣಿಸಿಕೊಂಡಿದ್ದವು. ಅವು ಮೆದುಳಿನಲ್ಲಿ ಎಲ್ಲಿ ನಡೆಯುತ್ತವೆ ಎಂಬುದು ತಿಳಿಯಲು ಇನ್ನೂ ಎರಡು ದಶಕ ಬೇಕಾಯಿತು.

1968ರಲ್ಲಿ ಬ್ರೂಸ್ ಮೆಕ್‌ಯೂವನ್ ಮತ್ತು ಸಂಗಡಿಗರು ಇಲಿಗಳ ಮೇಲೆ ನಡೆಸಿದ ಪ್ರಯೋಗದಲ್ಲಿ, ರಕ್ತದಲ್ಲಿರುವ ಈ ಹಾರ್ಮೋನು ಮೆದುಳಿನ ಹಿಪೊಕ್ಯಾಂಪಸ್ ಎಂಬ ಭಾಗದಲ್ಲಿ ವಿಶೇಷವಾಗಿ ಹೋಗಿ ಅಂಟಿಕೊಳ್ಳುವುದನ್ನು ತೋರಿಸಿದರು. ಕಿವಿಗಳ ನೇರಕ್ಕೆ, ತಲೆಯ ಒಳಭಾಗದಲ್ಲಿ ಎರಡೂ ಬದಿಗೆ ಒಂದೊಂದರಂತೆ ಇರುವ ಈ ಪುಟ್ಟ ಭಾಗವೇ ಹೊಸ ಸಂಗತಿಗಳನ್ನು ನೆನಪಾಗಿ ದಾಖಲಿಸುವ ಕೆಲಸ ಮಾಡುತ್ತದೆ: ಬೆಳಿಗ್ಗೆ ಯಾರು ಬಂದಿದ್ದರು, ವೈದ್ಯರು ಏನು ಹೇಳಿದರು, ಬೀಗದ ಕೈ ಎಲ್ಲಿಟ್ಟೆ ಎಂಬಂಥವು. ಹಳೆಯ ಹಾಡು, ಸೈಕಲ್ ತುಳಿಯುವ ಕೌಶಲ, ಬಾಲ್ಯದ ಮನೆಯ ವಿಳಾಸ ಇವು ಬೇರೆ ಬೇರೆ ಕಡೆ ನೆಲೆಯಾಗಿರುತ್ತವೆ. ಸ್ಟೀರಾಯ್ಡ್ ತೆಗೆದುಕೊಳ್ಳುವವರು ಹಳೆಯದನ್ನೆಲ್ಲ ಸರಿಯಾಗಿ ಹೇಳಿ, ನಿನ್ನೆಯದನ್ನು ಮರೆಯುವುದಕ್ಕೆ ಕಾರಣ ಇದು.

ಹಿಪೊಕ್ಯಾಂಪಸ್‌ನ ನರಕೋಶಗಳಲ್ಲಿ ಕಾರ್ಟಿಸೋಲನ್ನು ಹಿಡಿಯುವ ಗ್ರಾಹಿಗಳು ಎರಡು ಬಗೆಯವು. ಒಂದು ಬಗೆಯವು ಹಾರ್ಮೋನು ಅತಿ ಕಡಿಮೆ ಇದ್ದಾಗಲೂ ಅದನ್ನು ಹಿಡಿದುಕೊಳ್ಳುತ್ತವೆ. ಅವು ತುಂಬಿರುವುದು ಎಚ್ಚರಕ್ಕೂ ಕಲಿಕೆಗೂ ಅಗತ್ಯ. ಇನ್ನೊಂದು ಬಗೆಯವು ಹಾರ್ಮೋನಿನ ಮಟ್ಟ ಏರಿದಾಗ ಮಾತ್ರ ತುಂಬಿಕೊಳ್ಳುತ್ತವೆ, ಅವು ದಿನವಿಡೀ ತುಂಬಿಯೇ ಉಳಿದರೆ ನೆನಪು ದಾಖಲಾಗುವ ಕ್ರಿಯೆ ಮಂದವಾಗುತ್ತದೆ. ಆದ್ದರಿಂದ ಕಾರ್ಟಿಸೋಲ್ ಇಲ್ಲದಿದ್ದರೂ ಕಷ್ಟ, ಅತಿಯಾದರೂ ಕಷ್ಟ. ಹೆಚ್ಚಿನ ಪ್ರಮಾಣದ ಪ್ರೆಡ್ನಿಸೊಲೋನ್ ಅಥವಾ ಅದೇ ಕುಟುಂಬದ ಡೆಕ್ಸಾಮೆಥಾಸೋನ್ ಈ ಎರಡನೆಯ ಬಗೆಯ ಗ್ರಾಹಿಗಳನ್ನು ಹಗಲು ರಾತ್ರಿಯ ಏರಿಳಿತವಿಲ್ಲದೆ ಕೆಲಸಕ್ಕೆ ಹಚ್ಚುತ್ತದೆ.

ಅದರ ಫಲವಾಗಿ ನರಕೋಶಗಳು ಒಮ್ಮೆಗೇ ಸಾಯುವುದಿಲ್ಲ. ಈ ಅಂಶವನ್ನು ಒತ್ತಿ ಹೇಳಬೇಕು, ಏಕೆಂದರೆ ರೋಗಿಗಳು ಹೆದರುವುದು ಅದಕ್ಕೇ. ಇಲಿಗಳಿಗೆ ಮೂರು ವಾರ ಈ ಹಾರ್ಮೋನನ್ನು ಕೊಟ್ಟಾಗ ಹಿಪೊಕ್ಯಾಂಪಸ್‌ನ ನರಕೋಶಗಳ ಕವಲುಗಳು ಮೊಟಕಾದವು, ಕವಲುಗಳ ನಡುವಿನ ಸಂಪರ್ಕ ಕಡಿಮೆಯಾಯಿತು, ಆದರೆ ಕೋಶಗಳು ಉಳಿದವು. ಗ್ಲುಟಮೇಟ್ ಎಂಬ ಸಂದೇಶವಾಹಕ ರಾಸಾಯನಿಕ ಅತಿಯಾಗಿ ಸುರಿಯುವುದೂ, ಹೊಸ ಕೋಶಗಳ ಹುಟ್ಟು ತಗ್ಗುವುದೂ ಇದರ ಹಿಂದಿವೆ.

ಈ ಬಗೆಯ ಸಂಶೋಧನೆಯಲ್ಲಿ ಬೆಂಗಳೂರಿನ ಪಾಲು ದೊಡ್ಡದು. ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ ಸುಮಂತ್ರ ಚಟರ್ಜಿ ಅವರ ತಂಡ, ನಿಮ್ಹಾನ್ಸ್‌ನ ಬಿ. ಎಸ್. ಶಂಕರನಾರಾಯಣ ರಾವ್ ಅವರೊಡಗೂಡಿ 2002ರಲ್ಲಿ ಪ್ರಕಟಿಸಿದ ಅಧ್ಯಯನವು, ಇಲಿಗಳಲ್ಲಿ ದೀರ್ಘಕಾಲದ ಒತ್ತಡವು ಹಿಪೊಕ್ಯಾಂಪಸ್‌ನ ಕವಲುಗಳನ್ನು ಕುಗ್ಗಿಸುವಾಗಲೇ ಭಯ ಮತ್ತು ಆತಂಕವನ್ನು ನಿರ್ವಹಿಸುವ ಅಮಿಗ್ಡಲಾ ಭಾಗದ ಕವಲುಗಳನ್ನು ಬೆಳೆಸುತ್ತದೆ ಎಂಬುದನ್ನು ತೋರಿಸಿತು. ಒತ್ತಡ ನಿಂತ ಮೇಲೆ ಹಿಪೊಕ್ಯಾಂಪಸ್ ಚೇತರಿಸಿಕೊಂಡರೂ ಅಮಿಗ್ಡಲಾದ ಬೆಳವಣಿಗೆ ಹಾಗೆಯೇ ಉಳಿಯಿತೆಂದು ಅದೇ ತಂಡ ಮುಂದೆ ಕಂಡುಕೊಂಡಿತು. ಒತ್ತಡಕ್ಕೆ ಸಿಲುಕಿದ ಇಲಿಗೂ ಮಾತ್ರೆ ನುಂಗುವ ಮನುಷ್ಯನಿಗೂ ವ್ಯತ್ಯಾಸವಿದೆ ಎಂಬುದನ್ನು ಮರೆಯಬಾರದು, ಒತ್ತಡದಲ್ಲಿ ಕಾರ್ಟಿಸೋಲ್ ಒಂದೇ ಅಲ್ಲದೆ ಇನ್ನೂ ಹಲವು ಸಂಗತಿಗಳು ಸೇರಿರುತ್ತವೆ. ಆದರೂ ಸ್ಟೀರಾಯ್ಡ್ ಸೇವಿಸುವವರಲ್ಲಿ ಮರೆವು, ಸಿಡುಕು, ಕಾರಣವಿಲ್ಲದ ಕಳವಳ ಮೂರೂ ಒಟ್ಟೊಟ್ಟಿಗೆ ಕಾಣುವುದನ್ನು ಅರ್ಥ ಮಾಡಿಕೊಳ್ಳಲು ಈ ಕೆಲಸ ನೆರವಾಗುತ್ತದೆ.

ಮನುಷ್ಯರಲ್ಲಿ ಸಿಕ್ಕಿರುವ ಪುರಾವೆಯೂ ಇದೇ ದಿಕ್ಕಿನದು. ಜಾನ್ ನ್ಯೂಕಮರ್ ಅವರ ತಂಡ 1999ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಆರೋಗ್ಯವಂತರಿಗೆ ನಾಲ್ಕು ದಿನ ದಿನಕ್ಕೆ 160 ಮಿಲಿಗ್ರಾಂ ಕಾರ್ಟಿಸೋಲ್ ಕೊಡಲಾಯಿತು. ಅಂದರೆ ಸರಿಸುಮಾರು 40 ಮಿಲಿಗ್ರಾಂ ಪ್ರೆಡ್ನಿಸೊಲೋನ್‌ಗೆ ಸಮ, ಆಸ್ತಮಾ ಉಲ್ಬಣಿಸಿದಾಗ ನಮ್ಮ ವೈದ್ಯರು ಬರೆಯುವಷ್ಟೇ. ಅವರಿಗೆ ಒಂದು ಚಿಕ್ಕ ಕಥೆಯನ್ನು ಓದಿ ಹೇಳಿ, ಸ್ವಲ್ಪ ಹೊತ್ತಿನ ನಂತರ ನೆನಪಿಸಿಕೊಳ್ಳಲು ಕೇಳಿದಾಗ ಎಷ್ಟೋ ವಿವರಗಳು ಜಾರಿಹೋಗಿದ್ದವು, ಔಷಧ ನಿಲ್ಲಿಸಿದ ಕೆಲ ದಿನಗಳಲ್ಲಿ ನೆನಪು ಮೊದಲಿನಂತಾಯಿತು. ಅಡ್ರಿನಲ್ ಗ್ರಂಥಿಯೇ ಅತಿಯಾಗಿ ಕಾರ್ಟಿಸೋಲ್ ಸುರಿಸುವ ಕುಶಿಂಗ್ ರೋಗಿಗಳಲ್ಲಿ ಮಿಷಿಗನ್ ವಿಶ್ವವಿದ್ಯಾಲಯದ ಮೋನಿಕಾ ಸ್ಟಾರ್ಕ್‌ಮನ್ ಅವರು ಎಂಆರ್‌ಐ ಮಾಡಿ ನೋಡಿದಾಗ, ಚಿಕಿತ್ಸೆಯಿಂದ ಕಾರ್ಟಿಸೋಲ್ ಇಳಿದ ಮೇಲೆ ಹಿಪೊಕ್ಯಾಂಪಸ್‌ನ ಗಾತ್ರ ಸರಾಸರಿ ಶೇ. 3ರಷ್ಟು, ಕೆಲವರಲ್ಲಿ ಶೇ. 10ರವರೆಗೂ ಹೆಚ್ಚಿದ್ದು ಕಂಡಿತು. ಡಲ್ಲಾಸ್‌ನ ಶೆರ್ವುಡ್ ಬ್ರೌನ್ ಅವರು 2004ರಲ್ಲಿ ಆರು ತಿಂಗಳಿಗೂ ಹೆಚ್ಚು ಕಾಲ ಪ್ರೆಡ್ನಿಸೋನ್ (ದೇಹದೊಳಗೆ ಪ್ರೆಡ್ನಿಸೊಲೋನ್ ಆಗಿ ಬದಲಾಗುವ ಔಷಧ) ಸೇವಿಸಿದವರಲ್ಲಿ ಹಿಪೊಕ್ಯಾಂಪಸ್ ಚಿಕ್ಕದಾಗಿರುವುದನ್ನೂ ಪದಗಳನ್ನು ನೆನಪಿಟ್ಟುಕೊಳ್ಳುವ ಪರೀಕ್ಷೆಯಲ್ಲಿ ಅವರು ಹಿಂದೆ ಬೀಳುವುದನ್ನೂ ವರದಿ ಮಾಡಿದರು. ನೆದರ್‌ಲ್ಯಾಂಡ್ಸ್‌ನ ಲೈಡನ್ ತಂಡ 2022ರಲ್ಲಿ ಬ್ರಿಟನ್ನಿನ ಆರೋಗ್ಯ ಮಾಹಿತಿ ಸಂಗ್ರಹವಾದ ಯುಕೆ ಬಯೋಬ್ಯಾಂಕ್‌ನ ಸಾವಿರಾರು ಜನರ ಸ್ಕ್ಯಾನ್‌ಗಳನ್ನು ಹೋಲಿಸಿ, ಮಾತ್ರೆಯ ರೂಪದಲ್ಲಿ ಸ್ಟೀರಾಯ್ಡ್ ತೆಗೆದುಕೊಳ್ಳುವವರ ಮೆದುಳಿನ ಬಿಳಿ ದ್ರವ್ಯದಲ್ಲಿ, ಅಂದರೆ ಭಾಗಗಳನ್ನು ಬೆಸೆಯುವ ನರತಂತುಗಳಲ್ಲಿ, ವ್ಯಾಪಕ ವ್ಯತ್ಯಾಸಗಳನ್ನೂ, ಇನ್ಹೇಲರ್ ಬಳಸುವವರಲ್ಲಿ ಅದೇ ದಿಕ್ಕಿನ, ಆದರೆ ಬಹಳ ಕಡಿಮೆ ವ್ಯತ್ಯಾಸಗಳನ್ನೂ ಗುರುತಿಸಿತು. ಇಂಥ ಹೋಲಿಕೆಯಲ್ಲಿ ಔಷಧದ ಪರಿಣಾಮ ಎಷ್ಟು, ಮೂಲ ಕಾಯಿಲೆಯದೆಷ್ಟು ಎಂದು ಬಿಡಿಸಿ ಹೇಳುವುದು ಕಷ್ಟ. ಲೂಪಸ್‌ನಂಥ ಕಾಯಿಲೆ ತಾನೇ ಮೆದುಳನ್ನು ಬಾಧಿಸಬಲ್ಲದು.

ಹಾಗಿದ್ದರೆ ಮೆದುಳನ್ನು ರಕ್ಷಿಸುವ ಮಾತ್ರೆಯೊಂದನ್ನು ಜೊತೆಗೆ ಕೊಡಬಾರದೇಕೆ ಎಂಬ ಪ್ರಶ್ನೆ ಸಹಜವಾಗಿಯೇ ಏಳುತ್ತದೆ. ಬ್ರೌನ್ ಅವರ ತಂಡ ಈ ಪ್ರಶ್ನೆಯನ್ನು ವರ್ಷಗಟ್ಟಲೆ ಬೆನ್ನಟ್ಟಿದೆ. ಗ್ಲುಟಮೇಟ್ ಸುರಿಯುವುದನ್ನು ತಗ್ಗಿಸುವ ಅಪಸ್ಮಾರದ ಔಷಧ ಲ್ಯಾಮೋಟ್ರಿಜಿನ್, 2008ರಲ್ಲಿ ಪ್ರಕಟವಾದ ಒಂದು ಚಿಕ್ಕ ಪ್ರಯೋಗದಲ್ಲಿ ನೆನಪಿನ ಅಂಕಗಳನ್ನು ಉತ್ತಮಗೊಳಿಸಿತು. ಅಪಸ್ಮಾರದ್ದೇ ಇನ್ನೊಂದು ಔಷಧ ಫೆನಿಟೋಯಿನ್ ಮನಸ್ಸಿನ ಉದ್ರೇಕವನ್ನು ತಗ್ಗಿಸಿತಾದರೂ ನೆನಪಿಗೆ ಅದರಿಂದ ಲಾಭವಾಗಲಿಲ್ಲ. ಮರೆಗುಳಿ ರೋಗದ ಔಷಧ ಮೆಮಾಂಟಿನ್ ಕೂಡ ನಿರೀಕ್ಷೆಗೆ ತಕ್ಕ ಫಲ ಕೊಡಲಿಲ್ಲ. ಈ ಪ್ರಯೋಗಗಳಲ್ಲಿ ಭಾಗವಹಿಸಿದವರ ಸಂಖ್ಯೆ ಕಡಿಮೆ, ಲ್ಯಾಮೋಟ್ರಿಜಿನ್‌ಗಂತೂ ಅಪರೂಪವಾದರೂ ಮಾರಕವಾಗಬಲ್ಲ ಚರ್ಮದ ಪ್ರತಿಕ್ರಿಯೆಯ ಭಯವಿದೆ. ಆದ್ದರಿಂದ ಸ್ಟೀರಾಯ್ಡ್ ಸೇವಿಸುವವರಿಗೆಲ್ಲ ವಾಡಿಕೆಯಾಗಿ ಬರೆಯಬಹುದಾದ ನೆನಪಿನ ಮಾತ್ರೆ ಇಂದಿಗೆ ಇಲ್ಲ. ಇದನ್ನು ನಿರಾಶೆಯ ಮಾತೆಂದು ನಾನು ಭಾವಿಸುವುದಿಲ್ಲ. ಮಾತ್ರೆಯ ಹುಡುಕಾಟದಲ್ಲಿ ಕೈಗೆಟಕುವ ಉಪಾಯಗಳು ಮರೆತುಹೋಗುವುದೇ ನಿಜವಾದ ನಷ್ಟ.

ಆ ಉಪಾಯಗಳಲ್ಲಿ ಮೊದಲನೆಯದೂ ಅತಿ ಮುಖ್ಯವಾದದ್ದೂ ಪ್ರಮಾಣ. ಬಾಸ್ಟನ್‌ನಲ್ಲಿ 1972ರಲ್ಲಿ ಪ್ರಕಟವಾದ ಸಮೀಕ್ಷೆಯೊಂದು ಆಸ್ಪತ್ರೆಗೆ ದಾಖಲಾದವರಲ್ಲಿ ಸ್ಟೀರಾಯ್ಡ್‌ನಿಂದ ಬರುವ ತೀವ್ರ ಮಾನಸಿಕ ಪ್ರತಿಕ್ರಿಯೆಗಳನ್ನು ಎಣಿಸಿತ್ತು. ದಿನಕ್ಕೆ 40 ಮಿಲಿಗ್ರಾಂ ಅಥವಾ ಅದಕ್ಕಿಂತ ಕಡಿಮೆ ಪ್ರೆಡ್ನಿಸೋನ್ ಪಡೆದವರಲ್ಲಿ ಅದು ಶೇ. 1.3, 41ರಿಂದ 80 ಮಿಲಿಗ್ರಾಂ ಪಡೆದವರಲ್ಲಿ ಶೇ. 4.6, 80ಕ್ಕಿಂತ ಹೆಚ್ಚು ಪಡೆದವರಲ್ಲಿ ಶೇ. 18.4. ಇದು ನೆನಪಿನ ಲೆಕ್ಕವಲ್ಲ, ಭ್ರಮೆ, ಉನ್ಮಾದ, ಖಿನ್ನತೆಗಳ ಲೆಕ್ಕ. ಆದರೂ ಮೆದುಳು ಪ್ರಮಾಣಕ್ಕೆ ತಕ್ಕಂತೆ ತೊಂದರೆಗೀಡಾಗುತ್ತದೆ ಎಂಬುದನ್ನು ಇಷ್ಟು ಸ್ಪಷ್ಟವಾಗಿ ತೋರಿಸುವ ಅಂಕಿ ಬೇರೆ ಸಿಗುವುದು ಕಷ್ಟ. ಹೀಗಾಗಿ ಕಾಯಿಲೆಯನ್ನು ಹತೋಟಿಯಲ್ಲಿಡಲು ಸಾಕಾಗುವ ಅತಿ ಕಡಿಮೆ ಪ್ರಮಾಣ, ಅತಿ ಕಡಿಮೆ ಕಾಲ ಎಂಬ ಸೂತ್ರವೇ ಮೆದುಳಿನ ಅತ್ಯುತ್ತಮ ರಕ್ಷಣೆ. ಕಳೆದ ಕೆಲವು ವರ್ಷಗಳಲ್ಲಿ ಇದು ಸಾಧ್ಯವೆಂಬುದಕ್ಕೆ ಗಟ್ಟಿಯಾದ ಆಧಾರ ಸಿಕ್ಕಿದೆ. ರಕ್ತನಾಳಗಳ ಉರಿಯೂತದ ರೋಗಿಗಳ ಮೇಲೆ ನಡೆದು 2020ರಲ್ಲಿ ಪ್ರಕಟವಾದ ಪೆಕ್ಸಿವಾಸ್ ಪ್ರಯೋಗದಲ್ಲಿ, ಮೊದಲ ಆರು ತಿಂಗಳು ವಾಡಿಕೆಯ ಶೇ. 60ಕ್ಕಿಂತ ಕಡಿಮೆ ಸ್ಟೀರಾಯ್ಡ್ ಪಡೆದವರಲ್ಲಿ ಸಾವಾಗಲಿ ಮೂತ್ರಪಿಂಡ ವೈಫಲ್ಯವಾಗಲಿ ಹೆಚ್ಚಲಿಲ್ಲ, ಮೊದಲ ವರ್ಷದ ಗಂಭೀರ ಸೋಂಕುಗಳಂತೂ ಕಡಿಮೆಯಾದವು. ಲೂಪಸ್‌ನಲ್ಲಿ ದೀರ್ಘಕಾಲ ಮುಂದುವರಿಸುವ ಪ್ರಮಾಣವನ್ನು ದಿನಕ್ಕೆ 5 ಮಿಲಿಗ್ರಾಂ ಅಥವಾ ಅದಕ್ಕಿಂತ ಕೆಳಗೆ ತರಬೇಕೆಂದು ಯುರೋಪಿನ ತಜ್ಞರ 2023ರ ಮಾರ್ಗಸೂಚಿ ಹೇಳುತ್ತದೆ. ರೋಗನಿರೋಧಕ ಶಕ್ತಿಯನ್ನು ಹತೋಟಿಯಲ್ಲಿಡುವ ಮೆಥೋಟ್ರೆಕ್ಸೇಟ್, ಅಜಾಥಿಯೋಪ್ರಿನ್, ಮೈಕೋಫಿನೊಲೇಟ್‌ನಂಥ ಔಷಧಗಳನ್ನು ಸೇರಿಸುವುದರ ಒಂದು ಉದ್ದೇಶ ಸ್ಟೀರಾಯ್ಡ್‌ನ ಭಾರವನ್ನು ಇಳಿಸುವುದೇ ಆಗಿದೆ. ‘ಇದನ್ನು ಕಡಿಮೆ ಮಾಡಲು ಬೇರೆ ಔಷಧದ ನೆರವು ಪಡೆಯಬಹುದೇ’ ಎಂದು ರೋಗಿ ವೈದ್ಯರನ್ನು ಕೇಳುವುದರಲ್ಲಿ ಸಂಕೋಚಪಡಬೇಕಾದ್ದು ಏನೂ ಇಲ್ಲ.

ಪ್ರಮಾಣದ ಲೆಕ್ಕ ಇಡುವುದರಲ್ಲೇ ನಮ್ಮಲ್ಲಿ ತಪ್ಪುಗಳಾಗುತ್ತವೆ. ವೈಸೊಲೋನ್ ಮತ್ತು ಓಮ್ನಾಕಾರ್ಟಿಲ್ ಎರಡೂ ಪ್ರೆಡ್ನಿಸೊಲೋನ್. ಮೆಡ್ರಾಲ್‌ನಲ್ಲಿರುವುದು ಮೀಥೈಲ್‌ಪ್ರೆಡ್ನಿಸೊಲೋನ್, ಡೆಫ್‌ಕಾರ್ಟ್‌ನಲ್ಲಿರುವುದು ಡೆಫ್ಲಜಕಾರ್ಟ್, ಬೆಟ್ನೆಸಾಲ್‌ನಲ್ಲಿರುವುದು ಬೀಟಾಮೆಥಾಸೋನ್. ಹೆಸರು ಬೇರೆಯಾದರೂ ಇವೆಲ್ಲ ಒಂದೇ ಕುಟುಂಬದ ಔಷಧಗಳು. 5 ಮಿಲಿಗ್ರಾಂ ಪ್ರೆಡ್ನಿಸೊಲೋನ್ ಮಾಡುವ ಕೆಲಸವನ್ನು 4 ಮಿಲಿಗ್ರಾಂ ಮೀಥೈಲ್‌ಪ್ರೆಡ್ನಿಸೊಲೋನ್, 6 ಮಿಲಿಗ್ರಾಂ ಡೆಫ್ಲಜಕಾರ್ಟ್, ಕೇವಲ 0.75 ಮಿಲಿಗ್ರಾಂನಷ್ಟು ಡೆಕ್ಸಾಮೆಥಾಸೋನ್ ಮಾಡಬಲ್ಲದು. ಮಾತ್ರೆಯ ಮೇಲಿನ ಅಂಕಿ ಚಿಕ್ಕದಾಗಿದ್ದರೆ ಔಷಧವೂ ಸೌಮ್ಯವೆಂದು ತಿಳಿಯುವುದು ತಪ್ಪು. ಚರ್ಮದ ವೈದ್ಯರು ಒಂದನ್ನು, ಕೀಲುನೋವಿನ ವೈದ್ಯರು ಇನ್ನೊಂದನ್ನು ಬರೆದು, ಮೆಡಿಕಲ್ ಶಾಪ್‌ನಿಂದ ಚೀಟಿಯಿಲ್ಲದೆ ಮೂರನೆಯದನ್ನು ತಂದು, ಮೂರನ್ನೂ ಒಟ್ಟಿಗೆ ಸೇವಿಸುವವರಿದ್ದಾರೆ. ಪ್ರತಿ ಭೇಟಿಗೂ ಎಲ್ಲ ಸ್ಟ್ರಿಪ್‌ಗಳನ್ನು ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ ವೈದ್ಯರ ಮೇಜಿನ ಮೇಲೆ ಇಡುವುದು, ಯಾವ ರಕ್ತಪರೀಕ್ಷೆಗೂ ಕಡಿಮೆಯಿಲ್ಲದ ತಪಾಸಣೆ.

ಇನ್ಹೇಲರ್‌ನ ವಿಷಯದಲ್ಲಂತೂ ಭಯ ತಲೆಕೆಳಗಾಗಿದೆ. ‘ಪಂಪು ಅಭ್ಯಾಸವಾಗಿಬಿಡುತ್ತದೆ’ ಎಂದು ಅದನ್ನು ದೂರವಿಟ್ಟು, ಉಬ್ಬಸ ಬಂದಾಗಲೆಲ್ಲ ಮಾತ್ರೆ ನುಂಗುವವರು ತಮ್ಮ ಮೆದುಳಿಗೆ ಹೆಚ್ಚಿನ ಹೊರೆಯನ್ನೇ ಹೊರಿಸುತ್ತಿದ್ದಾರೆ. ಬುಡೆಸೊನೈಡ್ ಎಂಬ ಸ್ಟೀರಾಯ್ಡ್ ಇರುವ ಇನ್ಹೇಲರ್‌ನ ಒಂದು ಎಳೆತದಲ್ಲಿ ಇರುವುದು ಮೈಕ್ರೋಗ್ರಾಂಗಳ ಲೆಕ್ಕ, ಅದರಲ್ಲೂ ರಕ್ತಕ್ಕೆ ಸೇರುವುದು ಒಂದು ಪಾಲು ಮಾತ್ರ. ಅದನ್ನು ಕ್ರಮವಾಗಿ ಬಳಸಿ ಮಾತ್ರೆಯ ಅಗತ್ಯವನ್ನೇ ತಪ್ಪಿಸುವುದು ಆಸ್ತಮಾ ರೋಗಿಯ ನೆನಪಿಗೆ ಮಾಡಬಹುದಾದ ದೊಡ್ಡ ಉಪಕಾರ.

ಎರಡನೆಯದು ಹೊತ್ತು. ಪ್ರೆಡ್ನಿಸೊಲೋನ್‌ನ ದಿನದ ಪ್ರಮಾಣವನ್ನು ಬೆಳಗಿನ ತಿಂಡಿಯ ಜೊತೆ ಒಂದೇ ಸಲ ತೆಗೆದುಕೊಂಡರೆ ಅದು ದೇಹದ ಸಹಜ ಏರಿಳಿತಕ್ಕೆ ಹತ್ತಿರವಾಗುತ್ತದೆ, ರಾತ್ರಿಯ ನಿದ್ದೆಯೂ ಉಳಿಯುತ್ತದೆ. ಸಂಜೆ ನುಂಗಿದ ಮಾತ್ರೆ ರಾತ್ರಿಯಿಡೀ ಕಣ್ಣು ಮುಚ್ಚಗೊಡದು. ಹಗಲಿನಲ್ಲಿ ಕಲಿತದ್ದು ಗಟ್ಟಿಯಾಗುವುದು ನಿದ್ದೆಯಲ್ಲೇ ಆದ್ದರಿಂದ ನಿದ್ದೆಗೆಟ್ಟ ಮೆದುಳಿನ ಮರೆವು ಇಮ್ಮಡಿಯಾಗುತ್ತದೆ. ನಿದ್ದೆ ಬರುವುದಿಲ್ಲವೆಂದು ನಿದ್ದೆ ಮಾತ್ರೆಯನ್ನೋ ಅಮಲು ತರಿಸುವ ಕೆಮ್ಮಿನ ಸಿರಪ್ಪನ್ನೋ ಸೇರಿಸಿದರೆ ಅವು ನೆನಪನ್ನು ತಾವೇ ಮಂಕಾಗಿಸುತ್ತವೆ. ದಿನಕ್ಕೆ ಎರಡು ಮೂರು ಬಾರಿ ತೆಗೆದುಕೊಳ್ಳಲು ವೈದ್ಯರು ಹೇಳಿದ್ದರೆ ಅದಕ್ಕೆ ಕಾರಣವಿರಬಹುದು, ಬದಲಾಯಿಸುವ ಮುನ್ನ ಅವರನ್ನು ಕೇಳಬೇಕು.

ಸಕ್ಕರೆಯ ವಿಷಯದಲ್ಲಿ ಬಹಳ ಜನರಿಗೆ ತಿಳಿಯದ ಒಂದು ಸೂಕ್ಷ್ಮವಿದೆ. ಬೆಳಿಗ್ಗೆ ತೆಗೆದುಕೊಂಡ ಪ್ರೆಡ್ನಿಸೊಲೋನ್ ರಕ್ತದ ಸಕ್ಕರೆಯನ್ನು ಏರಿಸುವುದು ಮಧ್ಯಾಹ್ನದ ನಂತರ ಮತ್ತು ಸಂಜೆ. ರಾತ್ರಿ ಕಳೆಯುವಷ್ಟರಲ್ಲಿ ಅದು ಇಳಿದಿರುತ್ತದೆ. ಆದ್ದರಿಂದ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ರಕ್ತ ಕೊಟ್ಟವರ ವರದಿ ‘ನಾರ್ಮಲ್’ ಎಂದೇ ಬರಬಹುದು, ಆದರೆ ಮುದ್ದೆಯೋ ಅನ್ನವೋ ಉಂಡ ಎರಡು ಗಂಟೆಯ ಮೇಲೆ ನೋಡಿದರೆ ಅದು 250ನ್ನು ದಾಟಿರಬಹುದು. ಏರಿದ ಸಕ್ಕರೆ ಗಮನವನ್ನು ಚದುರಿಸುತ್ತದೆ, ತಲೆಯನ್ನು ಭಾರವಾಗಿಸುತ್ತದೆ, ವರ್ಷಗಳು ಕಳೆದಂತೆ ಮೆದುಳಿನ ಸೂಕ್ಷ್ಮ ರಕ್ತನಾಳಗಳಿಗೂ ಹಾನಿ ಮಾಡುತ್ತದೆ. ಮಧ್ಯಾಹ್ನದ ಊಟದ ನಂತರದ ಪರೀಕ್ಷೆಯನ್ನು ಕೇಳಿ ಮಾಡಿಸಿಕೊಳ್ಳಬೇಕು. ರಕ್ತದೊತ್ತಡ, ಪೊಟ್ಯಾಸಿಯಂ, ಥೈರಾಯ್ಡ್ ಹಾಗೂ ಸಸ್ಯಾಹಾರಿಗಳಲ್ಲಿ ಆಗಾಗ ಕಡಿಮೆಯಿರುವ ಬಿ12 ಇವನ್ನೂ ನೋಡಬೇಕು. ಇವುಗಳಲ್ಲಿ ಯಾವುದು ಏರುಪೇರಾದರೂ ಅದರ ಮರೆವನ್ನು ಸ್ಟೀರಾಯ್ಡ್‌ನ ಖಾತೆಗೆ ಹಾಕಿ ಚಿಕಿತ್ಸೆಯನ್ನು ತಪ್ಪಿಸಿಕೊಳ್ಳುವ ಸಂಭವವಿರುತ್ತದೆ.

ಮನೆಮದ್ದಿನ ವಿಷಯದಲ್ಲೂ ಎಚ್ಚರ ಬೇಕು. ಕೆಮ್ಮಿಗೆಂದು ನಮ್ಮ ಮನೆಗಳಲ್ಲಿ ಬಳಸುವ ಅತಿಮಧುರದಲ್ಲಿ, ಅಂದರೆ ಜ್ಯೇಷ್ಠಮಧುವಿನ ಬೇರಿನಲ್ಲಿ, ಕಾರ್ಟಿಸೋಲನ್ನು ನಿಷ್ಕ್ರಿಯಗೊಳಿಸುವ ಕಿಣ್ವವನ್ನು ತಡೆಯುವ ಅಂಶವಿದೆ. ಸ್ಟೀರಾಯ್ಡ್ ಜೊತೆ ಅದನ್ನು ದಿನವೂ ಸೇವಿಸಿದರೆ ರಕ್ತದೊತ್ತಡ ಏರುತ್ತದೆ, ಪೊಟ್ಯಾಸಿಯಂ ಕುಸಿಯುತ್ತದೆ. ಬ್ರಾಹ್ಮಿಯ ಬಗ್ಗೆ ನಮಗಿರುವ ಪ್ರೀತಿ ಹಳೆಯದು, ಆದರೆ ಸ್ಟೀರಾಯ್ಡ್‌ನಿಂದ ಬಂದ ಮರೆವನ್ನು ಅದು ತಡೆಯುತ್ತದೆ ಎನ್ನಲು ಆಧಾರವಿಲ್ಲ. ಹೆಸರು ವಿವರವಿಲ್ಲದ ‘ನಾಟಿ’ ಪುಡಿಗಳಲ್ಲಿ ಸ್ಟೀರಾಯ್ಡ್ ಬೆರೆಸಿರುವುದು ಪರೀಕ್ಷೆಗಳಲ್ಲಿ ಪತ್ತೆಯಾಗಿರುವುದುಂಟು, ಕೀಲುನೋವು ಎರಡೇ ದಿನದಲ್ಲಿ ಮಾಯವಾದರೆ ಅನುಮಾನಿಸುವುದು ಒಳ್ಳೆಯದು. ಇಂಗ್ಲಿಷ್ ಔಷಧಗಳಲ್ಲೂ ಕ್ಲಾರಿಥ್ರೋಮೈಸಿನ್ ಎಂಬ ಆಂಟಿಬಯೋಟಿಕ್, ಶಿಲೀಂಧ್ರದ ಸೋಂಕಿಗೆ ಕೊಡುವ ಇಟ್ರಾಕೊನಜೋಲ್‌ನಂಥವು ಮೀಥೈಲ್‌ಪ್ರೆಡ್ನಿಸೊಲೋನ್ ಮೊದಲಾದ ಕೆಲವು ಸ್ಟೀರಾಯ್ಡ್‌ಗಳ ಮಟ್ಟವನ್ನು ರಕ್ತದಲ್ಲಿ ಏರಿಸುತ್ತವೆ, ಕ್ಷಯದ ರಿಫಾಂಪಿಸಿನ್ ಇಳಿಸುತ್ತದೆ.

ನಡಿಗೆಯ ಬಗ್ಗೆ ಒಂದೇ ಮಾತು ಸಾಕು. 2011ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನದಲ್ಲಿ 120 ಹಿರಿಯರ ಪೈಕಿ ಒಂದು ವರ್ಷ ಕ್ರಮವಾಗಿ ನಡೆದ ಅರ್ಧದಷ್ಟು ಜನರಲ್ಲಿ ಹಿಪೊಕ್ಯಾಂಪಸ್ ಸುಮಾರು ಶೇ. 2ರಷ್ಟು ಹಿಗ್ಗಿತ್ತು, ಬರೀ ಮೈ ಬಳುಕಿಸುವ ವ್ಯಾಯಾಮ ಮಾಡಿದ ಉಳಿದರ್ಧ ಜನರಲ್ಲಿ ಅದು ಕುಗ್ಗಿತ್ತು. ಅವರು ಸ್ಟೀರಾಯ್ಡ್ ರೋಗಿಗಳಲ್ಲದಿದ್ದರೂ, ತೊಡೆಯ ಸ್ನಾಯು ಮತ್ತು ಮೂಳೆಗಾಗಿ ಹೇಗೂ ನಡೆಯಬೇಕಾದವರಿಗೆ ಇದು ಇನ್ನೊಂದು ಕಾರಣ.

ನೆನಪು ಕುಗ್ಗಿದೆಯೇ ಎಂದು ತಿಳಿಯುವುದು ಹೇಗೆ? ದೀರ್ಘ ಚಿಕಿತ್ಸೆ ಆರಂಭಿಸುವ ಮೊದಲೇ ಒಂದು ಅಳತೆ ಇದ್ದರೆ ಉತ್ತರ ಸುಲಭ. ಪದಪಟ್ಟಿಯ ಪರೀಕ್ಷೆಯಲ್ಲಿ ಮನೋವಿಜ್ಞಾನಿ 15 ಪದಗಳನ್ನು ನಿಧಾನವಾಗಿ ಓದುತ್ತಾರೆ, ರೋಗಿ ನೆನಪಾದಷ್ಟನ್ನು ಹೇಳುತ್ತಾರೆ. ಅದೇ ಪಟ್ಟಿಯನ್ನು ಐದು ಬಾರಿ ಓದುತ್ತಾರೆ. ಆರೋಗ್ಯವಂತರು ಮೊದಲ ಸಲ ಆರೇಳು ಪದ ಹೇಳಿ, ಐದನೆಯ ಸಲಕ್ಕೆ ಹನ್ನೆರಡು ಹದಿಮೂರರ ಹತ್ತಿರ ಬರುತ್ತಾರೆ. ನಡುವೆ ಬೇರೆ ಪಟ್ಟಿಯೊಂದನ್ನು ಓದಿ, ಸುಮಾರು ಅರ್ಧ ಗಂಟೆಯ ನಂತರ ಮೊದಲ ಪಟ್ಟಿಯನ್ನು ಮತ್ತೆ ಕೇಳುತ್ತಾರೆ. ಸ್ಟೀರಾಯ್ಡ್‌ನ ಪರಿಣಾಮ ಅಧ್ಯಯನಗಳಲ್ಲಿ ಸ್ಪಷ್ಟವಾಗಿ ಕಂಡದ್ದು ಇಂಥ ಪರೀಕ್ಷೆಗಳಲ್ಲೇ. ‘ಇಂದು ಯಾವ ವಾರ, ನೀವು ಯಾವ ಊರಿನಲ್ಲಿದ್ದೀರಿ’ ಎಂಬಂಥ ಸರಳ ಪ್ರಶ್ನೆಗಳಿಗೆ ರೋಗಿ ಸರಾಗವಾಗಿ ಉತ್ತರಿಸಿದ ಮಾತ್ರಕ್ಕೆ ತೊಂದರೆಯಿಲ್ಲವೆಂದು ತೀರ್ಮಾನಿಸಬಾರದು. ಇಂಥ ಪರೀಕ್ಷೆಗಳು ನಿಮ್ಹಾನ್ಸ್ ರೂಪಿಸಿರುವ ನರಮನೋವೈಜ್ಞಾನಿಕ ಪರೀಕ್ಷಾಮಾಲೆಯಲ್ಲೂ ಸೇರಿವೆ. ಆ ಸೌಲಭ್ಯ ಸಿಗದ ಊರಿನಲ್ಲಿ ಮನೆಯವರ ಕಣ್ಣೇ ಅಳತೆ: ಒಂದೇ ಪ್ರಶ್ನೆಯನ್ನು ಮರಳಿ ಕೇಳುವುದು, ಹಾಲು ಉಕ್ಕಿಸುವುದು, ಮಾತ್ರೆ ನುಂಗಿದ್ದನ್ನು ಮರೆತು ಮತ್ತೆ ನುಂಗುವುದು. ಇವನ್ನು ತಾರೀಖಿನೊಡನೆ, ಅಂದಿನ ಸ್ಟೀರಾಯ್ಡ್ ಪ್ರಮಾಣದೊಡನೆ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟರೆ, ಪ್ರಮಾಣ ಇಳಿದಂತೆ ಮರೆವೂ ಇಳಿಯಿತೇ ಎಂಬುದು ವೈದ್ಯರಿಗೆ ಒಂದೇ ನೋಟಕ್ಕೆ ತಿಳಿಯುತ್ತದೆ. ದಿನಗಳ ಹೆಸರು ಬರೆದ ಮಾತ್ರೆ ಡಬ್ಬಿಯಂತೂ ಇಂಥ ಮನೆಗಳಲ್ಲಿ ಇರಲೇಬೇಕು.

ಇಳಿಸುವ ಹಂತಕ್ಕೆ ತನ್ನದೇ ಆದ ಎಚ್ಚರಿಕೆಗಳಿವೆ. ಮೂರು ನಾಲ್ಕು ವಾರಗಳಿಗಿಂತ ಹೆಚ್ಚು ಕಾಲ ಮಾತ್ರೆ ತೆಗೆದುಕೊಂಡವರ ಅಡ್ರಿನಲ್ ಗ್ರಂಥಿ ತನ್ನ ಕೆಲಸವನ್ನು ನಿಲ್ಲಿಸಿರಬಹುದು, ಅದು ಮತ್ತೆ ಎಚ್ಚರಗೊಳ್ಳಲು ವಾರಗಳು, ಕೆಲವೊಮ್ಮೆ ತಿಂಗಳುಗಳೇ ಬೇಕು. ಹಠಾತ್ತಾಗಿ ನಿಲ್ಲಿಸಿದರೆ ವಾಂತಿ, ತೀವ್ರ ನಿಶ್ಶಕ್ತಿ, ರಕ್ತದೊತ್ತಡ ಕುಸಿತ, ಗೊಂದಲ ಕಾಣಿಸಿಕೊಂಡು ಆಸ್ಪತ್ರೆಗೆ ಧಾವಿಸಬೇಕಾಗುತ್ತದೆ. ನಿಧಾನವಾಗಿ ಇಳಿಸುವಾಗಲೂ ಕೆಲವರಿಗೆ ಬೇಸರ, ಮಂಕು ಕವಿಯುವುದುಂಟು; ಅದನ್ನು ಹೇಳಿಕೊಂಡರೆ ಇಳಿಸುವ ವೇಗವನ್ನು ಹೊಂದಿಸಬಹುದು. ಜ್ವರ ಬಂದಾಗ, ಶಸ್ತ್ರಚಿಕಿತ್ಸೆಗೆ ಹೋಗುವಾಗ ಪ್ರಮಾಣವನ್ನು ತಾತ್ಕಾಲಿಕವಾಗಿ ಹೆಚ್ಚಿಸಬೇಕಾಗಬಹುದಾದ್ದರಿಂದ, ತಾವು ಸ್ಟೀರಾಯ್ಡ್ ಸೇವಿಸುತ್ತಿರುವುದನ್ನು ಬರೆದ ಚೀಟಿಯೊಂದು ಯಾವಾಗಲೂ ಜೇಬಿನಲ್ಲೋ ಪರ್ಸಿನಲ್ಲೋ ಇರಬೇಕು.

ಕೊನೆಯದಾಗಿ, ಕಾಯದೆ ಅಂದೇ ವೈದ್ಯರನ್ನು ಕಾಣಬೇಕಾದ ಸಂದರ್ಭಗಳಿವೆ. ಹೆಚ್ಚಿನ ಪ್ರಮಾಣ ಆರಂಭಿಸಿದ ಮೊದಲ ಎರಡು ವಾರಗಳಲ್ಲಿ ನಿದ್ದೆಯೇ ಇಲ್ಲದೆ ಮಾತು ಅತಿಯಾಗುವುದು, ಇಲ್ಲದ್ದು ಕಾಣುವುದು ಅಥವಾ ಕೇಳುವುದು, ಯಾರೋ ಕೇಡು ಬಗೆಯುತ್ತಿದ್ದಾರೆಂಬ ಸಂಶಯ, ಬದುಕೇ ಬೇಡವೆಂಬ ಮಾತು, ಜ್ವರದೊಡನೆ ಗೊಂದಲ ಅಥವಾ ತೀವ್ರ ತಲೆನೋವು. ಸ್ಟೀರಾಯ್ಡ್ ಸೋಂಕಿನ ಲಕ್ಷಣಗಳನ್ನು ಮರೆಮಾಚುವುದರಿಂದ ಜ್ವರ ಅಷ್ಟೇನೂ ಏರದಿದ್ದರೂ ಮೆದುಳಿನ ಸೋಂಕು ಇರಬಹುದು. ಇಂಥ ರೋಗಿಯನ್ನು ‘ತಲೆ ಕೆಟ್ಟಿದೆ’ ಎಂದು ಕೋಣೆಯಲ್ಲಿ ಕೂಡಿಹಾಕುವುದೂ ಮಾತ್ರೆಯನ್ನು ಬಚ್ಚಿಡುವುದೂ ಎರಡೂ ಅಪಾಯ. ಸ್ಟೀರಾಯ್ಡ್ ಬರೆದ ವೈದ್ಯರೂ ಮನೋವೈದ್ಯರೂ ಕೂಡಿ ನೋಡಿ ಪ್ರಮಾಣವನ್ನು ಇಳಿಸಿ, ಅಗತ್ಯವಿದ್ದಷ್ಟು ದಿನ ಬೇರೆ ಔಷಧ ಕೊಟ್ಟರೆ, ಬಹುಪಾಲು ರೋಗಿಗಳು ಕೆಲವು ದಿನಗಳಿಂದ ಕೆಲವು ವಾರಗಳ ಒಳಗೆ ಮೊದಲಿನಂತಾಗುತ್ತಾರೆ.